ಬಿ.ಪಿ. ಇಲ್ಲದ ಜೊತೆಗಾರ

ನಮ್ಮ ಮಾವ ಬಾಯಿಗಿಂತ ಕೈಯಲ್ಲೇ ಹೆಚ್ಚು ಮಾತಾಡುತ್ತಿದ್ದ ಮನುಷ್ಯ. ಊಟಕ್ಕೆ ಕೂತಾಗ ಅತ್ತೆ ಬಡಿಸಲು ಬಂದರೆ ‘ಸಾಕು’ ಎನ್ನುತ್ತಿರಲಿಲ್ಲ, ಅಂಗೈ ಕೆಳಗೆ ಮಾಡಿ ಗಾಳಿಯಲ್ಲಿ ಅಡ್ಡಕ್ಕೆ ಒಮ್ಮೆ ಎಳೆಯುತ್ತಿದ್ದರು. ಅದು ‘ನಿಲ್ಲಿಸು’. ತೋರುಬೆರಳು ಮೇಲೆತ್ತಿ ಸಣ್ಣಗೆ ಸುತ್ತು ಹಾಕಿದರೆ ‘ಎತ್ತು’, ಅಂದರೆ ತಟ್ಟೆ ತೆಗೆದುಕೊಂಡು ಹೋಗು ಎಂದರ್ಥ. ಐದೂ ಬೆರಳನ್ನು ಕೆಳಮುಖ ಮಾಡಿ ಮೆಲ್ಲಗೆ ಆಡಿಸಿದರೆ ‘ನಿಧಾನಕ್ಕೆ ಇಳಿಸು’. ಅತ್ತೆ ದನಿ ಏರಿಸಿದಾಗಲೆಲ್ಲ ಅದು ಬರುತ್ತಿತ್ತು. ನಾನೇನು ನಿಮ್ಮ ಕ್ರೇನಾ ಎಂದು ಅತ್ತೆ ಸಿಡಿಮಿಡಿಗೊಳ್ಳುತ್ತಿದ್ದರು. ಕಾರ್ಖಾನೆಯಲ್ಲಿ ದಿನವಿಡೀ ಬೇರೆಯವರ ಸನ್ನೆ ನೋಡಿ ನೋಡಿ, ಮನೆಗೆ ಬಂದು ಈ ಮನುಷ್ಯ ಸೇಡು ತೀರಿಸಿಕೊಳ್ಳುತ್ತಾನೆ ಎಂಬುದು ಅವರ ದೂರು. ನಾನು ಮಾವನ ತಂಗಿಯ ಮಗಳು. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಅಕ್ಷರ ಕಲಿಯುವ ಮೊದಲೇ ನಾನು ಆ ಸನ್ನೆಗಳನ್ನು ಕಲಿತಿದ್ದೆ.

ಮಾವ ಎರಕದ ಕಾರ್ಖಾನೆಯಲ್ಲಿ ಕ್ರೇನ್ ನಡೆಸುತ್ತಿದ್ದರು. ಶೆಡ್ಡಿನ ಸೂರಿಗೆ ಅಂಟಿಕೊಂಡಂತೆ ಹಳಿಗಳ ಮೇಲೆ ಓಡಾಡುವ ಕ್ರೇನ್ ಅದು. ಅದರ ಕ್ಯಾಬಿನ್ನಿಗೆ ಕಬ್ಬಿಣದ ಏಣಿ ಹತ್ತಿ ಹೋಗಬೇಕು. ಕೊಕ್ಕೆಗೆ ನೇತುಬಿದ್ದಿರುವುದು ಕರಗಿದ ಕಬ್ಬಿಣ ತುಂಬಿದ ದೊಡ್ಡ ಕೊಳಗ. ಅದನ್ನು ಕುಲುಮೆಯಿಂದ ಎತ್ತಿ, ಕೆಲಸಗಾರರ ತಲೆಗಳ ಪಕ್ಕದಲ್ಲೇ ಒಯ್ದು, ಮರಳಿನ ಅಚ್ಚುಗಳ ಮೇಲೆ ಒಂದು ತೊಟ್ಟೂ ಚೆಲ್ಲದಂತೆ ಬಗ್ಗಿಸಬೇಕು. ಕೆಳಗಿದ್ದವರಿಗೆ ಮಾವ ‘ಮೇಲಿರೋರು’. ಏನಾದರೂ ಕೆಟ್ಟರೆ ಮೇಲಿರೋರು ನೋಡಿಕೊಳ್ಳುತ್ತಾರೆ ಎಂದು ತಮಾಷೆ ಮಾಡುತ್ತಿದ್ದರು. ನಿಜ ಹೇಳಬೇಕೆಂದರೆ ಮೇಲೆ ಕೂತವನಿಗೆ ಕೆಳಗಿನದು ಅರ್ಧ ಕಾಣಿಸುವುದೇ ಇಲ್ಲ. ಹೊಗೆ, ದೂಳು, ಕೊಳಗದ ಕಣ್ಣು ಕುಕ್ಕುವ ಬೆಳಕು. ಕೆಳಗೊಬ್ಬ ನಿಂತು ಕೈಯಲ್ಲಿ ಸನ್ನೆ ಕೊಡಬೇಕು. ಅವನ ಕೈ ಹೇಳದೆ ಮೇಲಿನವನು ಗುಲಗಂಜಿಯಷ್ಟೂ ಅಲುಗಿಸುವ ಹಾಗಿಲ್ಲ.

ಹಾಗೆ ಕೆಳಗೆ ನಿಂತು ಸನ್ನೆ ಕೊಡುತ್ತಿದ್ದವನೇ ಸೀಟಿ. ಕುತ್ತಿಗೆಗೆ ಸದಾ ಒಂದು ಸೀಟಿ ನೇತು ಹಾಕಿಕೊಂಡಿರುತ್ತಿದ್ದ, ಅದೇ ಹೆಸರಾಗಿ ಹೋಯಿತು. ನಾನು ಹುಟ್ಟಿದಾಗಿನಿಂದ ಅವನನ್ನು ಸೀಟಿ ಮಾಮ, ಬನ್ನಿ, ಕೂತ್ಕೊಳ್ಳಿ ಎಂದೇ ಕರೆದವಳು. ಈಗ ಬೇಕೆಂದೇ ಏಕವಚನದಲ್ಲಿ ಬರೆಯುತ್ತಿದ್ದೇನೆ. ಅತ್ತೆ ಗದರಿದರೂ ನನ್ನ ನಾಲಿಗೆ ಮತ್ತೆ ಬಹುವಚನಕ್ಕೆ ತಿರುಗುವುದಿಲ್ಲ.

ಮಾವ ಮತ್ತು ಸೀಟಿ ಒಂದೇ ವಾರ ಕೆಲಸಕ್ಕೆ ಸೇರಿದವರು. ಒಂದೇ ವಯಸ್ಸು, ಒಂದೇ ಎತ್ತರ, ಹೊಟ್ಟೆಯ ಸುತ್ತಳತೆಯೂ ಒಂದೇ. ಬೀದಿಯ ದರ್ಜಿ ಮಾವನ ಅಳತೆ ತೆಗೆದು ಇಬ್ಬರಿಗೂ ಪ್ಯಾಂಟು ಹೊಲಿದುಬಿಡುತ್ತಿದ್ದ. ರಜೆಯ ದಿನ ಬೀದಿಯ ಈ ತುದಿಯಲ್ಲಿ ಮಾವ, ಆ ತುದಿಯಲ್ಲಿ ಸೀಟಿ ನಿಂತು ಕೈಸನ್ನೆಯಲ್ಲೇ ಹರಟುತ್ತಿದ್ದುದನ್ನು ನಾನೇ ನೋಡಿದ್ದೇನೆ. ಟೀಗೆ ಬರ್ತೀಯಾ, ಹೆಂಡತಿ ಮನೆಯಲ್ಲಿದ್ದಾಳೆ, ಹಾಗಾದರೆ ನಿಧಾನಕ್ಕೆ ಬರ್ತೀನಿ. ಇಷ್ಟನ್ನೂ ಬಾಯಿ ಬಿಡದೆ ಹೇಳಿ ಮುಗಿಸುತ್ತಿದ್ದರು.

ಎರಡು ವರ್ಷದ ಹಿಂದೆ ಮಾವನಿಗೆ ತಲೆನೋವು ಶುರುವಾಯಿತು. ಬೆಳಿಗ್ಗೆ ಏಳುವಾಗಲೇ ಹಿಂದಲೆ ಹಿಡಿದುಕೊಂಡು ಕೂರುತ್ತಿದ್ದರು. ಅತ್ತೆಗೂ ಹೇಳದೆ ಬೀದಿಯ ಕ್ಲಿನಿಕ್ಕಿಗೆ ಹೋದರೆ ಬಿ.ಪಿ. ಏರಿದೆ ಎಂದರು. ಕಾರ್ಖಾನೆಯ ನಿಯಮ ಎಲ್ಲರಿಗೂ ಗೊತ್ತಿತ್ತು. ಬಿ.ಪಿ. ಇರುವವರು, ಅದಕ್ಕೆ ಮಾತ್ರೆ ನುಂಗುವವರು ಕೊಳಗದ ಕ್ರೇನ್ ಹತ್ತುವ ಹಾಗಿಲ್ಲ. ವರ್ಷಕ್ಕೊಮ್ಮೆ ಕಾರ್ಖಾನೆಯ ಡಾಕ್ಟರ್ ತಪಾಸಣೆ ಮಾಡುತ್ತಾರೆ. ಅಂದಿನ ಮಟ್ಟಿಗೆ ಬಿ.ಪಿ. ಸರಿ ಇದ್ದು, ಮಾತ್ರೆ ಇಲ್ಲ ಎಂದು ಬಾಯಲ್ಲಿ ಹೇಳಿದರೆ ಅಲ್ಲಿಗೆ ಮುಗಿಯಿತು. ಮಾವ ಮೊದಲು ಹೇಳಿದ್ದು ಸೀಟಿಗೆ.

ಸೀಟಿ ಆವತ್ತು ಮಾವನ ಮನೆಗೇ ಬಂದು ಅವರ ಎದುರು ಕೂತು ಬುದ್ಧಿ ಹೇಳಿದ್ದ. ಮುಚ್ಚಿಡಬೇಡ, ಮೇಲೆ ಕೂತಾಗ ನಿನಗೆ ಕಣ್ಣು ಕತ್ತಲಿಟ್ಟರೆ ಕೊಳಗ ಯಾರ ತಲೆ ಮೇಲೆ ಬೀಳುತ್ತೆ, ಕೆಳಗೆ ನಿಂತಿರೋನು ನಾನಲ್ವಾ ಎಂದು ಕೇಳಿದ್ದ. ಮಾವನಿಗೆ ಕಣ್ಣಲ್ಲಿ ನೀರು ಬಂತು. ಮರುದಿನ ತಾವೇ ಕಾರ್ಖಾನೆಯ ಡಾಕ್ಟರ್ ಬಳಿ ಹೋಗಿ, ಕೇಳುವ ಮೊದಲೇ ಎಲ್ಲ ಹೇಳಿ ಬಂದರು. ಅದೇ ವಾರ ಅವರನ್ನು ಕೆಳಗಿಳಿಸಿದರು. ಕ್ರೇನ್ ನಡೆಸುವ ಪರವಾನಗಿ ಇದ್ದ ಇನ್ನೊಬ್ಬ ಹಳಬನೆಂದರೆ ಸೀಟಿ. ಅವನು ಏಣಿ ಹತ್ತಿದ. ಮಾವ ಅವನ ಜಾಗದಲ್ಲಿ ಕೆಳಗೆ ನಿಂತು ಸನ್ನೆ ಕೊಡತೊಡಗಿದರು. ತನ್ನ ಕುತ್ತಿಗೆಯಲ್ಲಿದ್ದ ಸೀಟಿಯನ್ನೂ ಅವನೇ ಬಿಚ್ಚಿ ಮಾವನ ಕುತ್ತಿಗೆಗೆ ಹಾಕಿದನಂತೆ.

ಇದರಲ್ಲಿ ಯಾರಿಗೂ ತಪ್ಪು ಕಾಣಿಸಲಿಲ್ಲ. ಮಾವನಿಗಂತೂ ಎಳ್ಳಷ್ಟೂ ಇಲ್ಲ. ಅವನು ಹೇಳಿದ್ದಕ್ಕೆ ಹತ್ತು ಜನರ ಜೀವ ಉಳಿಯಿತು ಎಂದು ಕಂಡಕಂಡವರಿಗೆಲ್ಲ ಹೇಳುತ್ತಿದ್ದರು. ಆದರೆ ಕ್ಯಾಬಿನ್ನು ಬಿಟ್ಟ ಮೇಲೆ ಮನುಷ್ಯ ಒಳಗೊಳಗೇ ಕುಗ್ಗಿಹೋದರು. ಮನೆಯಲ್ಲಿ ನಾವೆಲ್ಲ ಸೇರಿ ತಪ್ಪನ್ನು ಅವರ ತಲೆಗೇ ಕಟ್ಟಿದೆವು. ಮೂಗಿನ ತುದಿಯಲ್ಲಿ ಕೋಪ, ಊಟಕ್ಕೆ ಮೊದಲೇ ಉಪ್ಪಿನ ಡಬ್ಬಿಗೆ ಕೈ, ಹೀಗಿದ್ದರೆ ಬಿ.ಪಿ. ಬಾರದೆ ಇನ್ನೇನು? ಇದರಲ್ಲಿ ಎಲ್ಲರಿಗಿಂತ ಮುಂದೆ ಸೀಟಿಯೇ. ಮಾವನ ಮನೆಯಲ್ಲಿ ಊಟಕ್ಕೆ ಕೂತರೆ ಮೊದಲು ಉಪ್ಪಿನ ಡಬ್ಬಿಯನ್ನು ಮಾವನ ಕೈಗೆ ಸಿಗದ ಹಾಗೆ ತನ್ನ ಕಡೆ ಎಳೆದುಕೊಳ್ಳುವುದು, ಆಮೇಲೆ ತನ್ನ ತಟ್ಟೆಗೆ ಎರಡು ಚಿಟಿಕೆ ಉದುರಿಸಿಕೊಂಡು ‘ನನ್ನ ನೋಡಿ ಕಲ್ತ್ಕೋ, ಸಿಟ್ಟೂ ಇಲ್ಲ, ಬಿ.ಪಿ.ನೂ ಇಲ್ಲ’ ಎನ್ನುವುದು. ಮಾವ ತಲೆ ತಗ್ಗಿಸಿ ಸಪ್ಪೆ ಊಟ ಮಾಡುತ್ತಿದ್ದರು. ನಾವು ನಗುತ್ತಿದ್ದೆವು.

ಹೀಗಿರುವಾಗ ದೊಡ್ಡಾಸ್ಪತ್ರೆಯಲ್ಲಿ ಬಿ.ಪಿ. ಇರುವವರ ಮೇಲೆ ಒಂದು ಅಧ್ಯಯನ ಶುರುವಾಯಿತು. ಅದನ್ನು ನಡೆಸುತ್ತಿದ್ದ ಡಾಕ್ಟರಮ್ಮ ಮಾವನಿಗೆ ಎಲ್ಲವನ್ನೂ ಬಿಡಿಸಿ ಹೇಳಿದರು. ರಕ್ತದಲ್ಲಿರುವ ಸಕ್ಕರೆಯನ್ನು ಒಳಗೆ ತೆಗೆದುಕೋ ಎಂದು ಮೈಯ ಸ್ನಾಯುಗಳಿಗೆ ಹೇಳುವುದು ಇನ್ಸುಲಿನ್. ಬಿ.ಪಿ. ಇರುವ ಎಷ್ಟೋ ಜನರಲ್ಲಿ, ಸಕ್ಕರೆ ಕಾಯಿಲೆ ಇಲ್ಲದಿದ್ದರೂ, ಸ್ನಾಯುಗಳು ಆ ಮಾತನ್ನು ಸರಿಯಾಗಿ ಕೇಳುವುದಿಲ್ಲ. ಯಾರ ಮೈ ಎಷ್ಟು ಮಾತು ಕೇಳುತ್ತದೆ ಎಂದು ಅಳೆಯುವುದೇ ಈ ಪರೀಕ್ಷೆ. ಮನೆಗೆ ಬಂದು ಮಾವ ನಮಗೆ ಅದನ್ನು ತಮ್ಮದೇ ಭಾಷೆಯಲ್ಲಿ ವಿವರಿಸಿದರು. ‘ಕೆಳಗಿರೋನು ಸನ್ನೆ ಕೊಡ್ತಾನೇ ಇರ್ತಾನೆ, ಮೇಲಿರೋನು ನೋಡಿದ್ರೂ ನೋಡ್ದಂಗೆ ಕೂತಿರ್ತಾನೆ. ಅಷ್ಟೇ ಕಣಮ್ಮ’ ಎಂದರು. ಆವತ್ತು ಸೀಟಿಯೂ ಅಲ್ಲೇ ಕೂತು ನಕ್ಕಿದ್ದ.

ಮಾವ ಅದಕ್ಕೆ ಒಪ್ಪಿದ್ದು ವಿಜ್ಞಾನದ ಮೇಲಿನ ಪ್ರೀತಿಯಿಂದಲ್ಲ. ಇನ್ಸುಲಿನ್ನಿನ ಮಾತು ಕೇಳದ ಮೈಯನ್ನು ನಡಿಗೆಯಿಂದ, ತೂಕ ಇಳಿಸಿ ಸರಿದಾರಿಗೆ ತರಬಹುದು, ಕೆಲವರಿಗೆ ಆಗ ಬಿ.ಪಿ.ಯೂ ಇಳಿದು ಮಾತ್ರೆ ಬಿಡುವಂತಾಗುತ್ತದೆ ಎಂದು ಡಾಕ್ಟರಮ್ಮ ಬಾಯಿ ತಪ್ಪಿ ಹೇಳಿಬಿಟ್ಟಿದ್ದರು. ಎಲ್ಲರಿಗೂ ಅಲ್ಲ ಎಂದು ಮೂರು ಸಲ ಸೇರಿಸಿದ್ದರಂತೆ, ಅದು ಮಾವನ ಕಿವಿಗೆ ಬಿದ್ದಿರಲಿಲ್ಲ. ಮಾತ್ರೆ ಬಿಟ್ಟು ಬಿ.ಪಿ. ಸರಿಯಾಗಿ ನಿಂತರೆ ಕಾರ್ಖಾನೆಯವರು ಮತ್ತೆ ಏಣಿ ಹತ್ತಲು ಬಿಡುತ್ತಾರೆ. ಅವರಿಗೆ ಬೇಕಾಗಿದ್ದು ಆ ಕ್ಯಾಬಿನ್ನು, ಬೇರೆ ಏನೂ ಅಲ್ಲ. ಪರೀಕ್ಷೆಗೆ ಮುಂಚೆ ಕೆಲವು ವಾರ ಬಿ.ಪಿ. ಮಾತ್ರೆ ನಿಲ್ಲಿಸಬೇಕಿತ್ತು, ಇಲ್ಲವಾದರೆ ಲೆಕ್ಕ ತಪ್ಪುತ್ತದೆ. ಆ ವಾರಗಳಲ್ಲಿ ಮಾವ ತಲೆನೋವನ್ನು ಹಲ್ಲು ಕಚ್ಚಿ ಸಹಿಸಿಕೊಂಡು, ದಿನ ಬಿಟ್ಟು ದಿನ ಆಸ್ಪತ್ರೆಗೆ ಹೋಗಿ ತೋರಿಸಿ ಬರುತ್ತಿದ್ದರು. ಅತ್ತೆ ಜೀವ ಕೈಯಲ್ಲಿ ಹಿಡಿದುಕೊಂಡು ಓಡಾಡುತ್ತಿದ್ದರು.

ಅಧ್ಯಯನಕ್ಕೆ ಇನ್ನೊಂದು ಷರತ್ತಿತ್ತು. ಬಿ.ಪಿ. ಇರುವ ಪ್ರತಿಯೊಬ್ಬರಿಗೂ ಬಿ.ಪಿ. ಇಲ್ಲದ ಒಬ್ಬ ಜೊತೆಗಾರ ಬೇಕು. ಅದೇ ವಯಸ್ಸು, ಅದೇ ಮೈಕಟ್ಟು, ಯಾವ ಮಾತ್ರೆಯೂ ಇರಬಾರದು. ಇಬ್ಬರನ್ನೂ ಅಳೆದು ಹೋಲಿಸಿ ನೋಡುತ್ತಾರೆ. ಯಾರಾದರೂ ಗೊತ್ತಿದ್ದರೆ ಕರೆತನ್ನಿ ಎಂದು ಡಾಕ್ಟರಮ್ಮ ಹೇಳಿದಾಗ ಮಾವ ಒಂದು ಗಳಿಗೆಯೂ ಯೋಚಿಸಲಿಲ್ಲ. ಒಂದೇ ಅಳತೆಯ ಪ್ಯಾಂಟು ಹಾಕುವ ಮನುಷ್ಯ ಮೂವತ್ತು ಹೆಜ್ಜೆ ದೂರದಲ್ಲೇ ಇದ್ದನಲ್ಲ.

ಸೀಟಿ ಕುಂಟು ನೆಪ ಹೇಳಿ ನೋಡಿದ. ಸೂಜಿ ಕಂಡರೆ ಆಗಲ್ಲ ಎಂದ, ರಜೆ ಸಿಗಲ್ಲ ಎಂದ, ಹಸಿದುಕೊಂಡಿರೋಕೆ ಆಗಲ್ಲ ಎಂದ. ಮಾವ ಬಿಡಲಿಲ್ಲ. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಹತ್ತು ಜನರೆದುರು ಕೇಳಿದರು. ಸಿಟ್ಟೂ ಇಲ್ಲ ಬಿ.ಪಿ.ಯೂ ಇಲ್ಲ ಎಂದು ಅದೇ ಕ್ಯಾಂಟೀನಿನಲ್ಲಿ ಎದೆ ತಟ್ಟಿಕೊಂಡವನು ಎಲ್ಲರ ಮುಂದೆ ಹೇಗೆ ಇಲ್ಲವೆನ್ನುತ್ತಾನೆ? ಒಪ್ಪಿದ. ಆಸ್ಪತ್ರೆಯಲ್ಲಿ ಮೊದಲು ತಪಾಸಣೆ ಮಾಡಿದಾಗ ಅವನ ಬಿ.ಪಿ. ಸರಿಯಾಗೇ ಇತ್ತು. ಮಾತ್ರೆ ಏನಾದರೂ ಇದೆಯೇ ಎಂದರೆ ಇಲ್ಲ ಎಂದ. ಮಾವ ಹೊರಗೆ ಬೆಂಚಿನ ಮೇಲೆ ಕೂತು, ನೋಡು ಎಂಥ ಗೆಳೆಯ, ನನಗೋಸ್ಕರ ಸೂಜಿ ಚುಚ್ಚಿಸಿಕೊಳ್ಳೋಕೂ ಬಂದಿದ್ದಾನೆ ಎಂದು ನನ್ನ ಹತ್ತಿರ ಹೊಗಳಿದ್ದೇ ಹೊಗಳಿದ್ದು.

ಪರೀಕ್ಷೆಯ ದಿನ ಜೊತೆಗೆ ಮನೆಯವರೊಬ್ಬರು ಇರಬೇಕೆಂದು ಹೇಳಿದ್ದರಿಂದ ನಾನು ಹೋದೆ. ಇಬ್ಬರೂ ಹಿಂದಿನ ಸಂಜೆಯಿಂದ ಬರಿ ನೀರಿನ ಮೇಲಿದ್ದರು. ಪರೀಕ್ಷೆ ಮುಗಿದ ಮೇಲೆ ಅಲ್ಲೇ ಊಟ ಮಾಡಿ ಹೊರಡಬೇಕು ಎಂಬ ನಿಯಮವಿತ್ತು. ಅತ್ತೆ ಎರಡು ಡಬ್ಬಿ ಕಟ್ಟಿಕೊಟ್ಟಿದ್ದರು. ಹಸಿರು ಮುಚ್ಚಳದ್ದು ಸೀಟಿಗೆ, ಬಿಳಿ ಮುಚ್ಚಳದ್ದು ಮಾವನಿಗೆ, ಅದಕ್ಕೆ ಉಪ್ಪು ಹಾಕಿರಲಿಲ್ಲ.

ಅದು ಒಂದೇ ಕಿಟಕಿಯ ಉದ್ದನೆಯ ಕೋಣೆ. ಎರಡು ಮಂಚ, ನಡುವೆ ಸರಿಸುವ ಪರದೆ. ಪ್ರತಿ ಮಂಚದ ಪಕ್ಕದಲ್ಲೂ ಎರಡೆರಡು ಪಂಪು. ಒಂದರಲ್ಲಿ ಇನ್ಸುಲಿನ್, ಒಂದರಲ್ಲಿ ಸಕ್ಕರೆ ನೀರು, ಎರಡೂ ಎಡಗೈಯ ನರಕ್ಕೆ. ಬಲಗೈಯನ್ನು ಮುಂಗೈವರೆಗೂ ಒಂದು ಬಿಸಿ ಪೆಟ್ಟಿಗೆಯೊಳಗೆ ಇಡಬೇಕು. ಕೈ ಬೆಚ್ಚಗಿದ್ದರೆ ಅಲ್ಲಿಂದ ತೆಗೆಯುವ ರಕ್ತದಲ್ಲಿ ಸಕ್ಕರೆಯ ಮಟ್ಟ ಸರಿಯಾಗಿ ತಿಳಿಯುತ್ತದಂತೆ. ಐದೈದು ನಿಮಿಷಕ್ಕೆ ನರ್ಸಮ್ಮ ಒಂದಿಷ್ಟು ರಕ್ತ ತೆಗೆದು ಯಂತ್ರಕ್ಕೆ ಹಾಕಿ ನೋಡುತ್ತಿದ್ದರು. ಇನ್ಸುಲಿನ್ ಹೋದಂತೆ ಸಕ್ಕರೆ ಇಳಿಯುತ್ತದೆ, ಇಳಿಯದ ಹಾಗೆ ಸಕ್ಕರೆ ನೀರನ್ನು ಹೆಚ್ಚಿಸುತ್ತ ಸಮ ಕಾಯ್ದುಕೊಳ್ಳಬೇಕು. ಮಾತು ಕೇಳುವ ಮೈ ಹೆಚ್ಚು ಸಕ್ಕರೆ ನೀರು ಕುಡಿಯುತ್ತದೆ, ಕೇಳದ ಮೈ ಕಡಿಮೆ. ಎಷ್ಟು ಕುಡಿಯಿತೋ ಅದೇ ಅಳತೆ. ಅಲ್ಲಾಡಬಾರದು, ಮಾತಾಡಬಾರದು, ಮನಸ್ಸನ್ನು ಆರಾಮಾಗಿ ಇಟ್ಟುಕೊಳ್ಳಬೇಕು, ಕೋಪ ತಾಪ ಏನಾದರೂ ಬಂದರೆ ಅಳತೆ ಕೆಡುತ್ತದೆ ಎಂದು ನರ್ಸಮ್ಮ ಹೇಳಿ, ಕೋಪದ ಮಾತು ಬಂದಾಗ ಮಾವನನ್ನೇ ನೋಡಿದರು. ಪರದೆಯನ್ನು ತೆರೆದೇ ಇಟ್ಟಿದ್ದರು. ಮೊದಮೊದಲು ಇಬ್ಬರೂ ಎಡಗೈಯ ಬೆರಳುಗಳಲ್ಲೇ ಸನ್ನೆ ಮಾಡಿಕೊಂಡು ನಗುತ್ತಿದ್ದರು. ಹಸಿವು, ಮೇಲೆತ್ತು, ನಿಲ್ಲಿಸು. ನರ್ಸಮ್ಮನಿಗೆ ಇವರಿಗೇನಾಗಿದೆ ಎಂದು ಅರ್ಥವಾಗದೆ ನನ್ನನ್ನು ಕೇಳಿದರು. ಇಬ್ಬರೂ ಸೇರಿ ನಿಮ್ಮ ಮಂಚ ಎತ್ತುತ್ತಿದ್ದಾರೆ ಎಂದೆ.

ಇನ್ಸುಲಿನ್ ಶುರುವಾಗಿ ಸ್ವಲ್ಪ ಹೊತ್ತಾಗಿರಬಹುದು. ಬೆಳಿಗ್ಗೆ ತೆಗೆದ ರಕ್ತದ ಬಗ್ಗೆ ಲ್ಯಾಬಿನಿಂದ ಫೋನು ಬಂತು. ಡಾಕ್ಟರಮ್ಮ ಫೋನಿಟ್ಟವರೇ ನೇರ ಸೀಟಿಯ ಮಂಚಕ್ಕೆ ಬಂದು ಅವನ ಇನ್ಸುಲಿನ್ ಪಂಪು ನಿಲ್ಲಿಸಿದರು. ಪರದೆ ಎಳೆದರು. ದನಿ ತಗ್ಗಿಸಿಯೇ ಕೇಳಿದರು. ಆದರೆ ಪರದೆ ಗೋಡೆಯಲ್ಲ, ಕೋಣೆಯಲ್ಲಿ ಪಂಪಿನ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

‘ನಾನು ಬೈಯೋಕೆ ಕೇಳ್ತಿಲ್ಲ. ನಿಮ್ಮ ರಕ್ತದಲ್ಲಿ ಪೊಟ್ಯಾಸಿಯಂ ಕಡಿಮೆ ಇದೆ. ಇನ್ಸುಲಿನ್ ಕೊಟ್ರೆ ಇನ್ನೂ ಇಳಿಯುತ್ತೆ, ಎದೆ ಬಡಿತ ತಪ್ಪಬಹುದು. ಬಿ.ಪಿ.ಗೆ ಅಂತ ಮೂತ್ರ ಹೋಗೋ ಮಾತ್ರೆ ಏನಾದ್ರೂ ತಗೋತಿದ್ದೀರಾ? ನಿಮ್ಮ ಜೀವದ ಪ್ರಶ್ನೆ, ನಿಜ ಹೇಳಿ.’

ಪರದೆಯಾಚೆ ಮಂಚ ಕಿರುಗುಟ್ಟಿತು.

‘ತಗೋತೀನಿ.’

‘ಎಷ್ಟು ದಿನದಿಂದ?’

‘ಒಂಬತ್ತು ವರ್ಷ ಆಯ್ತು.’

‘ಮೊನ್ನೆ ಕೇಳಿದಾಗ ಇಲ್ಲ ಅಂದ್ರಲ್ಲ?’

‘ಫ್ಯಾಕ್ಟ್ರಿಲೂ ಇಲ್ಲ ಅಂತಾನೇ ಹೇಳೋದು’ ಎಂದ ಸೀಟಿ.

ನಾನು ಮಾವನ ಮುಖ ನೋಡಿದೆ. ಅವರು ಸೂರು ನೋಡುತ್ತಿದ್ದರು. ಒಂಬತ್ತು ವರ್ಷ. ಅಂದರೆ ಮಾವನ ಎದುರು ಕೂತು ಮುಚ್ಚಿಡಬೇಡ ಎಂದು ಕಣ್ಣೀರು ಹಾಕಿಸಿದ ದಿನ ಅವನ ಜೇಬಿನಲ್ಲೇ ಮಾತ್ರೆ ಇತ್ತು. ಮಾವನನ್ನು ಇಳಿಸಿ ತಾನು ಹತ್ತಿದ ದಿನವೂ ಇತ್ತು. ಉಪ್ಪಿನ ಡಬ್ಬಿ ಎಳೆದುಕೊಂಡ ಪ್ರತಿ ಊಟದ ದಿನವೂ ಇತ್ತು. ನನಗೆ ಇದೆಲ್ಲ ಒಂದೊಂದಾಗಿ ಹೊಳೆಯುತ್ತಿರುವಾಗ ಮಾವನಿಗೂ ಹೊಳೆಯುತ್ತಿರಬೇಕು. ಎದ್ದು ಹೋಗಿ ಅವನ ಕತ್ತಿನ ಪಟ್ಟಿ ಹಿಡಿಯೋಣವೆಂದರೆ ಒಂದು ಕೈಗೆ ಸೂಜಿ, ಇನ್ನೊಂದು ಕೈ ಪೆಟ್ಟಿಗೆಯಲ್ಲಿ. ಕೂಗೋಣವೆಂದರೆ ಮಾತಾಡಬಾರದು. ಆ ಮನುಷ್ಯನಿಗೆ ಮಗ್ಗುಲು ಬದಲಿಸುವುದಕ್ಕೂ ಅಪ್ಪಣೆಯಿರಲಿಲ್ಲ.

ನರ್ಸಮ್ಮ ಬಿ.ಪಿ. ನೋಡಿ ಡಾಕ್ಟರಮ್ಮನನ್ನು ಕರೆದರು. ಅವರು ಬಂದು, ಏರ್ತಾ ಇದೆ, ಇವತ್ತಿಗೆ ನಿಲ್ಲಿಸಿಬಿಡೋಣವೇ, ಇನ್ನೊಂದು ದಿನ ಮಾಡಬಹುದು ಎಂದು ಮೆಲ್ಲಗೆ ಕೇಳಿದರು. ಇನ್ನೊಂದು ದಿನ ಎಂದರೆ ಮತ್ತೆ ವಾರಗಟ್ಟಲೆ ಮಾತ್ರೆಯಿಲ್ಲದೆ ತಲೆ ಹಿಡಿದುಕೊಂಡು ಕೂರುವುದು.

‘ನಡೀಲಿ’ ಎಂದರು ಮಾವ.

ಆಮೇಲಿನ ಹೊತ್ತು ಹೇಗೆ ಕಳೆಯಿತೋ ನನಗೆ ಗೊತ್ತಿಲ್ಲ. ಮಾವ ಉಸಿರನ್ನು ಎಣಿಸಿದಂತೆ ಎಳೆದು ಬಿಡುತ್ತಿದ್ದರು. ಒಂದು ಸಲ ಕಣ್ಣಂಚಿನಿಂದ ನೀರು ಜಾರಿ ಕಿವಿಯೊಳಗೆ ಇಳಿಯಿತು. ಒರೆಸಿಕೊಳ್ಳಲು ಕೈಯಿಲ್ಲ. ನಾನು ಕರವಸ್ತ್ರದಿಂದ ಒರೆಸಿದೆ. ನನ್ನ ಮಾವ ಅತ್ತಿದ್ದನ್ನು ನಾನು ನೋಡಿದ್ದು ಎರಡು ಸಲ, ಎರಡು ಸಲವೂ ಅದೇ ಮನುಷ್ಯನ ದೆಸೆಯಿಂದ.

ಸೀಟಿಯೂ ಎದ್ದು ಹೋಗುವ ಹಾಗಿರಲಿಲ್ಲ. ಇನ್ಸುಲಿನ್ನಿನ ಪ್ರಭಾವ ಇಳಿಯುವವರೆಗೆ ಸಕ್ಕರೆ ನೀರು ಹೋಗುತ್ತಲೇ ಇರಬೇಕಿತ್ತು. ಎದೆಯ ಮೇಲೆ ತಂತಿಗಳನ್ನು ಅಂಟಿಸಿ, ಕುಡಿಯಲು ಏನೋ ಔಷಧಿ ಕೊಟ್ಟು, ನರ್ಸಮ್ಮ ಅವನ ಮೇಲೆ ಕಣ್ಣಿಡಲೆಂದು ಪರದೆಯನ್ನು ಮತ್ತೆ ಸರಿಸಿದರು. ಅವನು ಮಾವನ ಕಡೆ ತಿರುಗಿದ. ಮಾವ ತಿರುಗಲಿಲ್ಲ. ಆಗ ಅವನು ಎಡಗೈಯ ಐದೂ ಬೆರಳನ್ನು ಮಂಚದ ಅಂಚಿನಿಂದ ಕೆಳಮುಖ ಮಾಡಿ ಮೆಲ್ಲಗೆ ಆಡಿಸಿದ. ನಿಧಾನ, ನಿಧಾನಕ್ಕೆ ಇಳಿಸು. ತುಂಬಿದ ಕೊಳಗದ ಕೆಳಗೆ ಇಪ್ಪತ್ತು ವರ್ಷ ನಿಂತು ಮಾವನಿಗೆ ಅವನು ಕೊಟ್ಟ ಸನ್ನೆ ಅದು, ಮಾವ ಕಣ್ಣು ಮುಚ್ಚಿ ನಂಬಿದ ಸನ್ನೆ. ಮಾವನ ಕಣ್ಣು ಒಮ್ಮೆ ಆ ಬೆರಳುಗಳ ಕಡೆ ಹೊರಳಿದ್ದು ನನಗೆ ಕಂಡಿತು. ನನಗೆ ತಡೆಯಲಾಗಲಿಲ್ಲ. ಎದ್ದು ಹೋಗಿ, ಯಾರನ್ನೂ ಕೇಳದೆ, ಆ ಪರದೆಯನ್ನು ಇಬ್ಬರ ನಡುವೆ ಸರ್ರನೆ ಎಳೆದುಬಿಟ್ಟೆ. ನರ್ಸಮ್ಮ ತಮ್ಮ ಕುರ್ಚಿಯನ್ನು ಅವನ ಕಡೆಗೆ ಎಳೆದುಕೊಂಡರು.

ಪರೀಕ್ಷೆ ಮುಗಿದ ಮೇಲೆ ಡಾಕ್ಟರಮ್ಮ ಮಾವನಿಗೆ ಫಲಿತಾಂಶ ಹೇಳಿದರು. ಅವರ ಮೈ ಕುಡಿದ ಸಕ್ಕರೆ ನೀರು ತೀರ ಕಡಿಮೆ, ಇನ್ಸುಲಿನ್ನಿನ ಮಾತು ಅರ್ಧವೂ ಕೇಳುತ್ತಿಲ್ಲ. ಕೋಪದಿಂದ ಒಂದಿಷ್ಟು ವ್ಯತ್ಯಾಸವಾಗಿರಬಹುದು, ಆದರೆ ಅದೊಂದರಿಂದಲೇ ಇಷ್ಟಾಗುವುದಿಲ್ಲ. ಇದು ಉಪ್ಪು ತಿಂದ ತಪ್ಪಲ್ಲ, ಸಿಟ್ಟಿನ ತಪ್ಪೂ ಅಲ್ಲ, ಹುಟ್ಟಿನಿಂದಲೇ ಬಂದದ್ದು ಬಹಳ ಇರುತ್ತದೆ, ನಿಮ್ಮನ್ನು ನೀವು ಬೈದುಕೊಳ್ಳಬೇಡಿ ಎಂದರು. ದಿನಾ ನಡೆಯಿರಿ, ಮಾತ್ರೆ ಇವತ್ತಿನಿಂದಲೇ ಮತ್ತೆ ಶುರು ಮಾಡಿ. ಮಾವ ತಲೆಯಾಡಿಸಿದರು.

ಊಟ ಮಾಡದೆ ಹೊರಡುವ ಹಾಗಿರಲಿಲ್ಲ. ಪಕ್ಕದ ಸಣ್ಣ ಕೋಣೆಯ ಮೇಜಿನ ಎರಡು ಬದಿಗೆ ಇಬ್ಬರನ್ನೂ ಕೂರಿಸಿದರು. ನಾನು ಡಬ್ಬಿಗಳನ್ನು ತೆಗೆದಿಟ್ಟೆ. ಬಿಳಿ ಮುಚ್ಚಳದ್ದು ಮಾವನ ಮುಂದೆ, ಹಸಿರು ಮುಚ್ಚಳದ್ದನ್ನು ಅವನ ಮುಂದೆ ಕುಕ್ಕಿದೆ. ಮಾವ ಬಿಳಿ ಮುಚ್ಚಳದ ಡಬ್ಬಿಯನ್ನು ಮೇಜಿನ ಮೇಲೆ ಜಾರಿಸಿ ಅವನ ಕಡೆ ತಳ್ಳಿದರು.

‘ಸಪ್ಪೆ ಇರೋದು ನಿನ್ನದು’ ಎಂದರು.

ಸೀಟಿ ಬಿಕ್ಕಳಿಸಿದಂತೆ ಏನೋ ಶುರು ಮಾಡಿದ. ಇಪ್ಪತ್ತು ವರ್ಷ ಕೊಳಗದ ಕೆಳಗೇ ನಿಂತಿದ್ದೆ, ಒಂದು ದಿನವಾದರೂ ಮೇಲೆ ಕೂರಬೇಕು ಅಂತ ಆಸೆ ಇತ್ತು, ಆದರೆ ಆವತ್ತು ಹೇಳಿದ್ದು ಸುಳ್ಳಲ್ಲ, ನನಗೆ ನಿಜವಾಗಿಯೂ ಭಯವಿತ್ತು, ಈ ಕಾಯಿಲೆ ಏನು ಅಂತ ನನಗೆ ಗೊತ್ತಿತ್ತು, ನಾನು ಹೊತ್ತಿಗೆ ಸರಿಯಾಗಿ ಮಾತ್ರೆ ತಗೊಳ್ಳೋನು, ನೀನು ತಗೊಳ್ಳೋನಲ್ಲ ಎಂದ. ಆಸೆಯನ್ನಾದರೂ ನಾನು ಕ್ಷಮಿಸಬಹುದಿತ್ತು. ಆ ಕೊನೆಯ ಮಾತು ಕೇಳಿ ನನ್ನ ಮೈಯೆಲ್ಲ ಉರಿದುಹೋಯಿತು.

‘ಸೀಟು ಕೇಳಿದ್ರೆ ಕೊಡ್ತಿದ್ದೆನಲ್ಲೋ’ ಎಂದರು ಮಾವ. ‘ನಿನಗೂ ಇದೆ ಅಂದಿದ್ರೆ ಇಬ್ಬರೂ ಕೆಳಗೇ ಇರ್ತಿದ್ವಿ. ಎರಡು ವರ್ಷ ನನ್ನ ತಟ್ಟೇಲಿ ಉಪ್ಪು ಹುಡುಕಿದೆ ನೀನು. ಜೇಬಲ್ಲಿ ಮಾತ್ರೆ ಇಟ್ಕೊಂಡು. ನಾನು ನನ್ನನ್ನೇ ಬೈಕೊಂಡು ಬೈಕೊಂಡು ಸತ್ತೆ.’

ಕಾರ್ಖಾನೆಯಲ್ಲಿ ಹೇಳಿಬಿಡ್ತೀಯಾ ಎಂದು ಸೀಟಿ ಕೇಳಿದ.

‘ನಾನು ಹೇಳಲ್ಲ. ನೀನು ಹೇಳು. ಕೆಳಗೆ ಹತ್ತು ಜನ ಇರ್ತಾರೆ.’

ಹೇಳ್ತೀನಿ, ನಾಳೆಯೇ ಹೇಳ್ತೀನಿ ಎಂದು ಅವನು ಮಾವನ ಕೈ ಹಿಡಿಯಲು ಬಂದ. ಬಿಸಿ ಪೆಟ್ಟಿಗೆಯಲ್ಲಿದ್ದು ಕೆಂಪಾಗಿದ್ದ ಆ ಕೈಯನ್ನು ಮಾವ ಹಿಂದಕ್ಕೆ ಎಳೆದುಕೊಂಡರು.

ಮರುದಿನ ನಡೆದದ್ದನ್ನು ನಾನು ಕಂಡವಳಲ್ಲ. ನಮ್ಮ ಬೀದಿಯಲ್ಲೇ ಇರುವ, ಅಚ್ಚು ಕಟ್ಟುವ ಮೇಸ್ತ್ರಿ ಹೇಳಿದ್ದು. ಅವರು ಉಪ್ಪು ಖಾರ ಹಚ್ಚಿ ಹೇಳುವವರಲ್ಲ. ಬೆಳಿಗ್ಗೆ ಸೀಟಿ ಯಾರಿಗೂ ಏನೂ ಹೇಳದೆ ಎಂದಿನಂತೆ ಏಣಿ ಹತ್ತಿ ಕ್ಯಾಬಿನ್ನಿನಲ್ಲಿ ಕೂತ. ಕುಲುಮೆಯ ಬಾಯಿ ತೆರೆದು ಕೊಳಗ ತುಂಬಿದರು. ಕೊಕ್ಕೆ ಸಿಕ್ಕಿಸಿದರು. ಜನ ಪಕ್ಕಕ್ಕೆ ಸರಿದರು. ಮೇಲಿನವನು ಕೆಳಗಿನ ಕೈಗಾಗಿ ಕಾದ. ಮಾವ ತಮ್ಮ ಜಾಗದಲ್ಲೇ, ಹಳದಿ ಗೆರೆಯ ಮೇಲೆ, ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದರು.

ಮೊದಲು ಯಾರಿಗೂ ತಿಳಿಯಲಿಲ್ಲವಂತೆ. ಏನೋ ಅಡ್ಡ ಇರಬೇಕು ಎಂದುಕೊಂಡರು. ಕೊಳಗದಲ್ಲಿ ಕಬ್ಬಿಣ ಆರತೊಡಗಿತು. ಫೋರ್‌ಮನ್ ಓಡಿಬಂದು ಕೈ ತೋರಿಸಪ್ಪ, ಏನಾಯ್ತು ನಿನಗೆ ಎಂದು ರೇಗಿದರು. ಮಾವ ಬಾಯಿ ಬಿಡಲಿಲ್ಲ. ಮೇಲೆ ನೋಡುತ್ತಲೇ ನಿಂತರು. ಫೋರ್‌ಮನ್ ಬೇರೆ ಇಬ್ಬರಿಗೆ ಸನ್ನೆ ಕೊಡಲು ಹೇಳಿದರು. ಮಾವನ ಮುಖ ನೋಡಿದ ಮೇಲೆ ಒಬ್ಬರೂ ಮುಂದೆ ಬರಲಿಲ್ಲ. ಅಷ್ಟು ವರ್ಷ ಅವರ ಕ್ರೇನಿನ ಕೆಳಗೆ ಬದುಕಿದವರು, ಏನೋ ಇದೆ ಎಂದು ಅವರಿಗೆ ಗೊತ್ತಾಗಿತ್ತು.

ಕೊನೆಗೆ ಕ್ಯಾಬಿನ್ನಿನ ಬಾಗಿಲು ತೆರೆಯಿತು. ಸೀಟಿ ಏಣಿಯ ಒಂದೊಂದೇ ಮೆಟ್ಟಿಲು ಇಳಿದು ಬಂದ. ಮಾವನ ಎದುರು ಒಂದು ಗಳಿಗೆ ನಿಂತ. ಆಮೇಲೆ ಫೋರ್‌ಮನ್ ಬಳಿ ಹೋಗಿ ಹೇಳಿದ. ಏನು ಹೇಳಿದನೆಂದು ಮೇಸ್ತ್ರಿಗೆ ಕೇಳಿಸಲಿಲ್ಲ, ಫೋರ್‌ಮನ್ ಮುಖದಿಂದ ಎಲ್ಲರಿಗೂ ತಿಳಿಯಿತು. ಮಾವ ಕುತ್ತಿಗೆಯಿಂದ ಸೀಟಿ ತೆಗೆದು ಪಕ್ಕದ ಕಂಬದ ಮೊಳೆಗೆ ನೇತು ಹಾಕಿ ಹೊರಗೆ ನಡೆದರು.

ಈಗ ಅವರು ಕಾರ್ಖಾನೆಯ ಉಗ್ರಾಣದಲ್ಲಿದ್ದಾರೆ. ಬೇರೆ ಶೆಡ್ಡಿನ ಯಾರೋ ಒಬ್ಬ ಕ್ರೇನ್ ಹತ್ತುತ್ತಾನೆ. ಸೀಟಿಯನ್ನು ಗೇಟಿನ ಕಾವಲು ಕೆಲಸಕ್ಕೆ ಹಾಕಿದ್ದಾರೆ. ಮಾವ ಪ್ರತಿ ಸಂಜೆ ಒಬ್ಬರೇ ನಡೆಯಲು ಹೋಗುತ್ತಾರೆ. ತೂಕ ಇಳಿದಿದೆ, ಡಾಕ್ಟರಮ್ಮ ಒಂದು ಮಾತ್ರೆ ಕಡಿಮೆ ಮಾಡಿದ್ದಾರೆ, ಇನ್ನೊಂದು ಹಾಗೇ ಇದೆ. ಕ್ಯಾಬಿನ್ನಿನ ಮಾತನ್ನು ಅವರು ಎತ್ತುವುದಿಲ್ಲ, ನಾವೂ ಎತ್ತುವುದಿಲ್ಲ. ಸೀಟಿ ಒಮ್ಮೆ ಬೀದಿಯ ಆ ತುದಿಯಲ್ಲಿ ನಿಂತು ತಲೆಯ ಮೇಲೆ ಕೈ ಎತ್ತಿದ. ಮಾವ ಅದನ್ನು ನೋಡಿದರು. ಒಳಗೆ ಬಂದು ಬಾಗಿಲು ಹಾಕಿಕೊಂಡರು.

ಮೊನ್ನೆ ಅವರ ಮನೆಯಲ್ಲಿ ಊಟಕ್ಕೆ ಕೂತಿದ್ದೆವು. ಅತ್ತೆ ಬಡಿಸುತ್ತ ಮಾವನ ತಟ್ಟೆಯ ಮೇಲೆ ಸೌಟು ಹಿಡಿದು, ಅಭ್ಯಾಸದಂತೆ ಅವರ ಬಲಗೈಯನ್ನೇ ನೋಡುತ್ತ ನಿಂತರು. ಆ ಕೈ ಮೇಜಿನ ಕೆಳಗಿತ್ತು.

‘ಸಾಕು’ ಎಂದರು ಮಾವ.

ಅತ್ತೆ ಸೌಟನ್ನು ಪಾತ್ರೆಗೆ ಹಾಕಿ, ನೀರು ತರುತ್ತೇನೆಂದು ಅಡುಗೆಮನೆಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ.